ಶಿವನೆ ಮರದ ಎರಡು ಶಿಲುಬೆ

ಮಂಗಳವಾರ ಸೆವ್ರಿನ್‌ಬಾಯಿ ಬಂದರು
ಸಾಗರದ ನನ್ನ ಅಂಗಡಿಗೆ.
ಮಗಳ ಮದುವೆ, ಗುಡಿಗಾರರೇ,
ಶಿವಮೊಗ್ಗದಲ್ಲಿ ಹೊಸ ಸಂಸಾರ.
ಒಂದು ಶಿಲುಬೆ ಬೇಕು. ಮೇಲೆ ಅವನಿರಬೇಕು,
ಪಕ್ಕೆಯ ಗಾಯ ಕಾಣಬೇಕು.
ಗಂಧ ಡಿಪೋದಲ್ಲಿಲ್ಲ, ಶಿವನೆ ಆದೀತೇ ಅಂದೆ.
ಶಿವನೋ ಶಿವನೆಯೋ,
ಹುಳ ಹಿಡಿಯದಿದ್ದರೆ ಸಾಕು ಅಂದರು.

ಗುರುವಾರ ಸತ್ಯಮಿತ್ರ ಮೇಷ್ಟ್ರು,
ಶಿವಮೊಗ್ಗದಿಂದ ಮೊದಲ ಬಸ್ಸಿಗೆ, ಕಂಕುಳಲ್ಲಿ ಚೀಲ.
ಮಗನ ಮನೆಗೆ ಒಂದು ಶಿಲುಬೆ. ಖಾಲಿ.
ಖಾಲಿ ಅಂದರೆ?
ಯಾರೂ ಇಲ್ಲದ್ದು.
ಎದ್ದುಹೋದವನನ್ನು ಮತ್ತೆ ಹಿಡಿದು ತಂದು
ಮೊಳೆ ಹೊಡೆದು ನಿಲ್ಲಿಸುವುದು ನಮ್ಮಲ್ಲಿಲ್ಲ.
ಆಮೇಲೆ ಕೆಮ್ಮಿ, ಸುತ್ತಲಿನ
ಗಣಪತಿ, ಗರುಡ, ಅರ್ಧ ಮುಗಿದ ಸರಸ್ವತಿಯನ್ನು ನೋಡಿ,
ತಪ್ಪು ತಿಳೀಬೇಡಿ,
ಕೆತ್ತಿದ್ದಕ್ಕೆ ಅಡ್ಡಬೀಳಬಾರದು ಅಂತ ನಮಗೆ ಅಪ್ಪಣೆ, ಅಂದರು,
ಕೆತ್ತುವವನ ಮಣೆಯ ಎದುರೇ ಕೂತು.
ನಾನು ಚಹಾ ತರಿಸಿದೆ.

ವಿಳಾಸ ಬರೆದುಕೊಳ್ಳುವಾಗ ತಿಳಿಯಿತು:
ವಿನೋಬನಗರ, ಮಹಡಿ ಮನೆ.
ಎರಡು ಚೀಟಿಗೂ ಒಂದೇ ಬಾಗಿಲು.

ಖಾಲಿಯದು ಸುಲಭ ಅಂದುಕೊಂಡಿದ್ದೆ,
ಎರಡು ಪಟ್ಟಿ, ಒಂದು ಕಚ್ಚು, ಅರ್ಧ ದಿನ.
ಸುಳ್ಳು.
ಮೈಯೊಂದಿದ್ದರೆ ಮರದ ಗಂಟನ್ನು
ಮಂಡಿಚಿಪ್ಪು ಮಾಡಬಹುದು, ಬಿರುಕನ್ನು ಬಟ್ಟೆಯ ನೆರಿಗೆ.
ಇಲ್ಲಿ ಬಚ್ಚಿಡಲು ಜಾಗವೇ ಇಲ್ಲ.
ಮೂರು ಪಟ್ಟಿ ಎಸೆದೆ. ನಾಲ್ಕನೆಯದರಲ್ಲಿ
ಎಳೆ ನೆಟ್ಟಗೆ, ಮೇಷ್ಟ್ರ ಬೈತಲೆಯ ಹಾಗೆ.

ಇನ್ನೊಂದು ಹನ್ನೊಂದು ದಿನ ಹಿಡಿಯಿತು.
ಅಪ್ಪ ಕಲಿಸಿದ್ದು: ಕಣ್ಣು ಕಟ್ಟಕಡೆಗೆ,
ಮಿಂದು, ಮಾತಾಡದೆ, ಒಂದೇ ಗೀರಿಗೆ ತೆರೆಸಬೇಕು.
ಮೂವತ್ತು ವರ್ಷ ಎಷ್ಟೋ ದೇವರಿಗೆ ದೃಷ್ಟಿ ಕೊಟ್ಟ ಕೈಗೆ
ಮೊದಲ ಸಲ
ಮುಚ್ಚಿಸುವ ಕೆಲಸ ಬಂತು.
ಹೇಗೆಂದು ತೋಚದೆ ಒಂದು ಸಂಜೆ ಸುಮ್ಮನೆ ಕೂತಿದ್ದೆ.
ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಸೆವ್ರಿನ್‌ಬಾಯಿ
ತಾವಾಗಿಯೇ ಹೇಳಿದರು:
ನಮ್ಮವರು ಹೋಗುವ ಮುಂಚೆ ಹದಿನೇಳು ರಾತ್ರಿ ಮಲಗಲಿಲ್ಲ.
ಮಾತ್ರೆಯ ಕಸುವು ಇಳಿದ ಮೇಲೆ ಗೋಡೆ ನೋಡುತ್ತಿದ್ದರು.
ಗೋಡೆಯ ಮೇಲೆ ಇನ್ನೊಬ್ಬ ನರಳುವವನಿದ್ದ.
ಜೊತೆಗೆ ಅಷ್ಟಾದರೂ ಬೇಡವೇ?
ಮರಕ್ಕೆ ಮುಗಿಯುತ್ತೇವಾ ನಾವು?
ಮರ ಮರವೆಂದು ನಮಗೂ ಗೊತ್ತು.

ಅವರು ಹೋದ ಮೇಲೆ ಎಡಗೈ ಮುರಿಯಿತು.
ಎಳೆಗೆ ಅಡ್ಡ ಹೋಯಿತು ಉಳಿ.
ಹೆಬ್ಬೆರಳಿನಷ್ಟು ಕೈ, ತೆರೆದ ಅಂಗೈ,
ಮೊಳೆಯ ಗುರುತು ಇನ್ನೂ ಕೊರೆದಿರಲಿಲ್ಲ,
ಹೊಟ್ಟಿನ ಮೇಲೆ ಸದ್ದಿಲ್ಲದೆ ಬಿತ್ತು.
ಬೇರೆ ತುಂಡು ತೆಗೆದು ಮೊದಲಿಂದ ಶುರುಮಾಡಿದೆ.

ಒಯ್ಯಲು ಬಂದವಳು ಮದುಮಗಳೇ.
ಲವೀಟಾ. ಮೆಗ್ಗಾನ್ ಆಸ್ಪತ್ರೆಯಲ್ಲಿ ನರ್ಸು,
ಕಣ್ಣಲ್ಲಿ ಇನ್ನೂ ರಾತ್ರಿ ಪಾಳಿ.
ಎರಡನ್ನೂ ಮಣೆಯ ಮೇಲೆ ಅಕ್ಕಪಕ್ಕ ಇಟ್ಟೆ.
ಯಾವುದು ಹಾಲಿಗೆ, ಯಾವುದು ಕೋಣೆಗೆ?
ಕೇಳಬಾರದಿತ್ತು.
ನಕ್ಕಳು, ಬಹಳ ಹೊತ್ತು. ಆಮೇಲೆ ನಗಲಿಲ್ಲ.
ಬಾಡಿಗೆ ಮನೆ ಅಲ್ಲವಾ, ಹೊಸ ಬಣ್ಣ.
ಒಂದು ಮೊಳೆ ಕೂಡ ಹೊಡೀಬಾರದು
ಅಂದಿದ್ದಾರೆ ಓನರು.

ಒಂದೇ ಪೇಪರಿನಲ್ಲಿ ಸುತ್ತಿದೆ,
ಖಾಲಿಯದರ ಬೆನ್ನಿಗೆ ಮೈಯುಳ್ಳದ್ದರ ಬೆನ್ನು.
ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೋ ತಾಯಿ,
ಬೆರಳು ಸೂಕ್ಷ್ಮ.

ಮುರಿದ ಕೈ ನನ್ನ ಉಳಿಗಳ ಪೆಟ್ಟಿಗೆಯಲ್ಲಿ ಉಳಿಯಿತು.
ಬಿಸಾಡಲು ಒಂದೆರಡು ಸಲ ಎತ್ತಿಯೂ ಎತ್ತಿದೆ.
ಆಯುಧಪೂಜೆಯ ದಿನ ನನ್ನವಳು
ಉಳಿ, ಕೊಡತಿ, ಅರ, ಗರಗಸಕ್ಕೆಲ್ಲ
ಕುಂಕುಮ ಇಡುತ್ತ ಬಂದು
ಅದಕ್ಕೂ ಒಂದು ಬೊಟ್ಟು ಇಟ್ಟಳು,
ಅಂಗೈಯ ನಟ್ಟನಡುವೆ.
ಯಾವ ಮೂರ್ತಿಯದೆಂದು ಕೇಳಲಿಲ್ಲ.
ನಾನು ಒರೆಸಲಿಲ್ಲ.